ಸಮುದ್ರಕ್ಕೆ ಹೊರಡುವ ಮುಂಚೆ ಫಾಲ್ಸಿನ ಬಂಡೆ ನೋಡಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮಕ್ಕಳಿಗೆ ಸಮುದ್ರವೆಂದರೆ ಕಾರವಾರ ಇಲ್ಲವೇ ಗೋಕರ್ಣದ ಟ್ರಿಪ್ಪು. ನೀರಲ್ಲಿ ಆಡಿ, ಫೋಟೊ ತೆಗೆಸಿಕೊಂಡು ಸಂಜೆ ಬಸ್ಸು ಹತ್ತುತ್ತಾರೆ. ಆಟ ಬೇಕೇ ಬೇಕು. ಆದರೆ ಅದೇ ಖರ್ಚಿನಲ್ಲಿ ಭೂಗೋಳವನ್ನೂ ಕಲಿತು ಬರಬಹುದು. ಅದಕ್ಕೆ ಹೊರಡುವಾಗಲೇ ಒಂದು ಪ್ರಶ್ನೆ ಜೊತೆಗಿರಬೇಕು. ಗೋಕಾಕ ಫಾಲ್ಸಿನ ಬಂಡೆಯಲ್ಲಿ ಅಂಥ ಪ್ರಶ್ನೆ ಸಿಗುತ್ತದೆ.

ಘಟಪ್ರಭೆ ಇಲ್ಲಿ 52 ಮೀಟರ್ ಕೆಳಕ್ಕೆ ಧುಮುಕುವುದು ಗಟ್ಟಿ ಮರಳುಗಲ್ಲಿನ ಅಂಚಿನಿಂದ. ಈ ಸೀಮೆಯ ಶಿಲೆಗಳನ್ನು ಸರ್ವೆ ಮಾಡಿ 1876ರಲ್ಲಿ ವರದಿ ಪ್ರಕಟಿಸಿದವನು ರಾಬರ್ಟ್ ಬ್ರೂಸ್ ಫೂಟ್. ಬಾಗಲಕೋಟೆಯ ಹತ್ತಿರದ ಕಲಾದಗಿ ಊರಿನ ಹೆಸರೇ ಈ ಶಿಲಾಸಮೂಹಕ್ಕೆ ನಿಂತಿತು. ವಯಸ್ಸು ನೂರು ಕೋಟಿ ವರ್ಷಗಳ ಆಸುಪಾಸು. ಆಗ ಮೀನಿರಲಿಲ್ಲ, ನೆಲದ ಮೇಲೆ ಹುಲ್ಲುಕಡ್ಡಿಯೂ ಇರಲಿಲ್ಲ; ಹಾಗಾಗಿ ಈ ಕಲ್ಲಿನಲ್ಲಿ ಚಿಪ್ಪು ಹುಡುಕಿ ಪ್ರಯೋಜನವಿಲ್ಲ. ಸಿಗುವುದು ನೀರಾಡಿದ ಗುರುತು. ಫಾಲ್ಸಿನ ಸುತ್ತಲಿನ ಹಾಸುಬಂಡೆಗಳಲ್ಲಿ ಸಾಲುಸಾಲು ಏಣುಗಳು ಕಾಣುತ್ತವೆ. ಆಳವಿಲ್ಲದ ನೀರಿನ ತಳದ ಮರಳು ಅಲೆಅಲೆಯಾಗಿ ನಿಂತು, ಹಾಗೇ ಕಲ್ಲಾದದ್ದು ಅದು. ಆ ನೀರು ಹೊಳೆಯದೋ, ಸಮುದ್ರದ್ದೋ?

ಏಣಿನ ಎರಡೂ ಮಗ್ಗುಲನ್ನು ನೋಡಬೇಕು. ಒಂದೇ ದಿಕ್ಕಿಗೆ ಹರಿಯುವ ನೀರು ಮರಳನ್ನು ಒಂದು ಕಡೆಯಿಂದ ನಿಧಾನ ಏರಿಸಿ ಇನ್ನೊಂದು ಕಡೆ ಕಡಿದಾಗಿ ಸುರಿಯುತ್ತದೆ. ಕಡಿದಾದ ಮಗ್ಗುಲು ನೀರು ಹೋದ ದಿಕ್ಕನ್ನು ಹೇಳುತ್ತದೆ. ದಡದ ಅಲೆ ಮರಳನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುವುದರಿಂದ ಎರಡೂ ಮಗ್ಗುಲು ಹೆಚ್ಚುಕಡಿಮೆ ಸಮ. ಏಣು ನೇರವಾಗಿ ಸಾಗಿ ಅಲ್ಲಲ್ಲಿ ಕವಲೊಡೆಯುತ್ತದೆ. ಸ್ಕೇಲಿಟ್ಟು ಏಣಿನಿಂದ ಏಣಿಗೆ ಇರುವ ಅಂತರ, ಎತ್ತರ, ಎರಡು ಮಗ್ಗುಲುಗಳ ಅಗಲ ಬರೆದುಕೊಳ್ಳಿ. ದಿಕ್ಸೂಚಿ ಹಿಡಿದು ಏಣು ಹೋಗುವ ದಿಕ್ಕನ್ನೂ ಗುರುತಿಸಿ. ಹೊಳೆಯಲ್ಲಿ ನೀರು ಇಳಿದ ಕಾಲದಲ್ಲಿ ಮಾತ್ರ ಈ ಕೆಲಸ. ಮೇಲಿನ ಹಿಡಕಲ್ ಅಣೆಕಟ್ಟಿನಿಂದ ನೀರು ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಪಾಚಿಗಟ್ಟಿದ ಬಂಡೆಯ ಅಂಚಿಗೆ ಯಾರನ್ನೂ ಬಿಡಬೇಡಿ.

ಈ ಅಳತೆಗಳ ಪುಸ್ತಕ ಹಿಡಿದು ಕಾರವಾರಕ್ಕೆ ಹೊರಡಬೇಕು. ದಿನ ಗೊತ್ತುಮಾಡುವಾಗ ರಜೆಯ ಪಟ್ಟಿಗಿಂತ ಮೊದಲು ಭರತ–ಇಳಿತದ ಪಟ್ಟಿ ನೋಡಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಭರತ, ಎರಡು ಇಳಿತ. ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ನೀರು ಅತಿ ದೂರ ಸರಿಯುತ್ತದೆ. ಹೈದರಾಬಾದಿನ ಇನ್‌ಕೋಯ್ಸ್ ಸಂಸ್ಥೆ ಭರತದ ಹೊತ್ತನ್ನೂ ಅಲೆಗಳ ಮುನ್ಸೂಚನೆಯನ್ನೂ ಕೊಡುತ್ತದೆ. ಇಳಿತಕ್ಕೆ ಎರಡು ತಾಸು ಮುಂಚೆ ದಡದಲ್ಲಿದ್ದು, ನೀರಿನ ಬೆನ್ನಿಗೇ ಕೆಳಗಿಳಿಯುತ್ತ ಕೆಲಸ ಮಾಡಿ, ತಿರುಗಿದ ನೀರಿಗಿಂತ ಮುಂಚೆ ಮೇಲೆ ಬರಬೇಕು. ಮಳೆಗಾಲದಲ್ಲಿ ಇದು ಬೇಡ.

ದಡದ ಇಳಿಜಾರು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. 1961ರಲ್ಲಿ ಕೆ. ಒ. ಎಮೆರಿ ಎಂಬ ಸಾಗರವಿಜ್ಞಾನಿ ಎರಡು ಕೋಲಿನ ಉಪಾಯವೊಂದನ್ನು ಪ್ರಕಟಿಸಿದ. ಸಮ ಎತ್ತರದ ಎರಡು ಕೋಲಿಗೆ ಸೆಂಟಿಮೀಟರ್ ಗುರುತು ಹಾಕಿ, ನಡುವೆ ಅಳೆದ ಹಗ್ಗ ಕಟ್ಟಿ. ಒಬ್ಬಳು ನೀರಿನ ಕಡೆಯ ಕೋಲು ಹಿಡಿಯಲಿ, ಇನ್ನೊಬ್ಬಳು ಮೇಲಿನದನ್ನು. ಕೆಳಗಿನ ಕೋಲಿನ ತುದಿ ಮತ್ತು ಬಾನಂಚು ಒಂದೇ ಗೆರೆಗೆ ಬರುವಂತೆ ನೋಡಿದರೆ, ಆ ಗೆರೆ ಮೇಲಿನ ಕೋಲನ್ನು ಅದರ ತುದಿಯಿಂದ ಎಷ್ಟು ಕೆಳಗೆ ದಾಟುತ್ತದೋ ಅಷ್ಟೇ ನೆಲದ ಇಳಿತ. ಸಮುದ್ರವೇ ಮಟ್ಟ ತೋರಿಸುವ ಈ ಜಾಣತನ ನನಗೆ ತುಂಬ ಇಷ್ಟ. ಹಗ್ಗದಳತೆಯಲ್ಲಿ ಮುಂದೆ ಹೋಗುತ್ತ ಗ್ರಾಫ್ ಹಾಳೆಯ ಮೇಲೆ ಇಡೀ ದಡ ಮೂಡುತ್ತದೆ. ಅಕ್ಟೋಬರಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ಅದೇ ಜಾಗದಲ್ಲಿ ಅಳೆದರೆ, ಮಳೆಗಾಲದ ಅಲೆ ಒಯ್ದ ಮರಳು ಎಷ್ಟು ಮರಳಿ ಬಂತೆಂದು ಲೆಕ್ಕ ಸಿಗುತ್ತದೆ.

ಇನ್ನು ಫಾಲ್ಸಿನ ಪ್ರಶ್ನೆ. ಇಳಿತದಲ್ಲಿ ತೆರೆದುಕೊಂಡ ಹಸಿ ಮರಳಿನ ಏಣುಗಳನ್ನು ಬಂಡೆಯಲ್ಲಿ ಅಳೆದ ಕ್ರಮದಲ್ಲೇ ಅಳೆಯಿರಿ. ಆಮೇಲೆ ಕೋಡಿಬಾಗದ ಕಡೆ, ಕಾಳಿ ನದಿ ಸಮುದ್ರ ಸೇರುವಲ್ಲಿ, ಸ್ಥಳೀಯರನ್ನು ಕೇಳಿ ಸುರಕ್ಷಿತ ಜಾಗ ಆರಿಸಿ ಅದನ್ನೇ ಮಾಡಿ. ಅಲ್ಲಿ ನದಿಯ ಹರಿವು, ಭರತದ ಸೆಳೆತ, ಅಲೆ ಮೂರೂ ಒಂದೇ ಮರಳಿನ ಮೇಲೆ ಕೆಲಸ ಮಾಡುತ್ತವೆ. ಒಂದು ಕಡೆ ಸಮ ಮಗ್ಗುಲಿನ ಏಣು, ಸ್ವಲ್ಪ ಆಚೆ ಒಂದೇ ಕಡೆ ಕಡಿದಾದದ್ದು ಸಿಕ್ಕರೆ ಎರಡನ್ನೂ ಬರೆದುಕೊಳ್ಳಿ. ಫಾಲ್ಸಿನ ಬಂಡೆಯಲ್ಲೂ ಒಂದು ಪದರದ ಏಣು ಮೇಲಿನ ಪದರದ್ದನ್ನು ಹೋಲಬೇಕೆಂದಿಲ್ಲ. ಹಾಗಾಗಿ ಪದರ ಪದರವಾಗಿ ಹೋಲಿಸಿಯೇ ಉತ್ತರ ಬರೆಯಬೇಕು.