ಜೀಪಿನ ಜಾಯಿಂಟು ಮತ್ತೆ ಮತ್ತೆ ಮುರಿಯುವುದೇಕೆ?

ಮಲೆನಾಡಿನ ಕಾಫಿ ತೋಟಗಳಲ್ಲಿ ದುಡಿಯುವ ಹಳೆಯ ಜೀಪುಗಳ ವಿಷಯದಲ್ಲಿ ಒಂದು ದೂರು ಆಗಾಗ ಕೇಳಿಬರುವುದುಂಟು. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ಮುರಿಯಿತು, ಹೊಸದನ್ನು ಹಾಕಿಸಿದ್ದಾಯಿತು, ಒಂದು ಮಳೆಗಾಲ ಕಳೆಯುವುದರೊಳಗೆ ಅದೂ ಮುರಿಯಿತು. ಮೂರನೆಯ ಸಲವೂ ಹಾಗೆಯೇ ಆದಾಗ ತೋಟದ ಯಜಮಾನರು ಬಿಡಿಭಾಗವೇ ಕಳಪೆಯೆನ್ನುತ್ತಾರೆ; ಡ್ರೈವರು ಮೆಕ್ಯಾನಿಕನ ಕೈಗುಣವನ್ನು ಹಳಿಯುತ್ತಾನೆ; ಮೆಕ್ಯಾನಿಕನು ಡ್ರೈವರನ ಕಾಲನ್ನು ದೂರುತ್ತಾನೆ. ಮೂವರ ಮಾತೂ ತಪ್ಪಾಗಿರುವುದು ಸಾಧ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ಕೇಳಿದ್ದೇವಷ್ಟೆ. ನಾಲ್ಕೂ ಚಕ್ರಗಳಿಗೆ ಶಕ್ತಿಯನ್ನು ಹಂಚುವ ವಾಹನಗಳಲ್ಲಿ ಆಗುವುದು ಬಹುಮಟ್ಟಿಗೆ ಇದೇ. ಮುರಿಯುವ ಭಾಗ ಒಂದು, ಕೆಟ್ಟಿರುವುದು ಇನ್ನೊಂದು.

ಮೊದಲು ಶಕ್ತಿಯು ಹರಿಯುವ ದಾರಿಯನ್ನು ನೋಡೋಣ. 1941ರಲ್ಲಿ ಅಮೆರಿಕದಲ್ಲಿ ತಯಾರಾಗತೊಡಗಿದ ವಿಲ್ಲಿಸ್ ಯುದ್ಧದ ಜೀಪೇ ನಮ್ಮ ಉದಾಹರಣೆಯಾಗಲಿ. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯಿಂದ ಹೊರಬಂದ ಹಳೆಯ ಜೀಪುಗಳು ಅದರ ಸಂತತಿಯವೇ. ಎಂಜಿನ್ನಿನ ಶಕ್ತಿಯು ಗೇರುಪೆಟ್ಟಿಗೆಯನ್ನು ದಾಟಿ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ಒಂದು ಶಾಫ್ಟು ಹಿಂದಿನ ಅಚ್ಚಿಗೂ ಇನ್ನೊಂದು ಮುಂದಿನ ಅಚ್ಚಿಗೂ ಹೋಗುತ್ತದೆ. ಒಂದೊಂದು ಅಚ್ಚಿನ ನಡುವೆಯೂ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳೂ ಅವುಗಳೊಡನೆ ಡಿಫರೆನ್ಷಿಯಲ್ ಎಂಬ ಏರ್ಪಾಡೂ ಇವೆ.

ಡಿಫರೆನ್ಷಿಯಲ್ ಏಕೆ ಬೇಕು? ಎತ್ತಿನ ಗಾಡಿ ತಿರುವಿನಲ್ಲಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರವನ್ನೂ ಒಳಗಿನದು ಕಡಿಮೆ ದೂರವನ್ನೂ ಸಾಗಬೇಕು. ಗಾಡಿಯ ಚಕ್ರಗಳು ಅಚ್ಚಿನ ಮೇಲೆ ಬೇರೆಬೇರೆಯಾಗಿ ಉರುಳುವುದರಿಂದ ಅಲ್ಲಿ ತೊಡಕಿಲ್ಲ. ಮೋಟಾರು ವಾಹನದಲ್ಲಿಯಾದರೋ ಎರಡು ಚಕ್ರಗಳಿಗೂ ಶಕ್ತಿಯನ್ನು ಕೊಡಬೇಕು, ಅವು ಬೇರೆಬೇರೆ ವೇಗದಲ್ಲಿ ಸುತ್ತುವುದಕ್ಕೆ ಬಿಡಲೂ ಬೇಕು. ಈ ಎರಡನ್ನೂ ಡಿಫರೆನ್ಷಿಯಲ್ ಸಾಧಿಸುತ್ತದೆ. ಆದರೆ ಜೀಪಿನಲ್ಲಿ ಎಡಬಲದ ಚಕ್ರಗಳಿಗೆ ಸಿಕ್ಕ ಈ ಸ್ವಾತಂತ್ರ್ಯ ಹಿಂದುಮುಂದಿನ ಅಚ್ಚುಗಳಿಗೆ ಸಿಕ್ಕಿಲ್ಲ. 'ಫೋರ್ ವೀಲ್' ಸನ್ನೆಯನ್ನು ಹಾಕಿದೊಡನೆ ಎರಡು ಶಾಫ್ಟುಗಳೂ ಒಂದೇ ಸರಳಿನಂತೆ ಬೆಸೆದುಕೊಳ್ಳುತ್ತವೆ.

ಇದರ ಫಲವೇನೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ವಿಲ್ಲಿಸ್ ಜೀಪಿನ ಎರಡು ಅಚ್ಚುಗಳ ನಡುವಣ ಅಂತರ 80 ಅಂಗುಲ, ಎಂದರೆ ಸುಮಾರು 203 ಸೆಂಟಿಮೀಟರು. ಘಾಟಿಯ ಒಂದು ಹಿಮ್ಮುರಿ ತಿರುವಿನಲ್ಲಿ ಹಿಂದಿನ ಅಚ್ಚಿನ ಮಧ್ಯಭಾಗವು 6 ಮೀಟರು ತ್ರಿಜ್ಯದ ಅರ್ಧವೃತ್ತದಲ್ಲಿ ಸಾಗಿತೆಂದು ಇಟ್ಟುಕೊಳ್ಳೋಣ. ಮುಂದಿನ ಅಚ್ಚಿನ ಮಧ್ಯಭಾಗ ಆಗ ಸಾಗುವುದು 6.33 ಮೀಟರು ತ್ರಿಜ್ಯದ ದಾರಿಯಲ್ಲಿ. ಹಿಂದಿನದು ಸುಮಾರು 18.85 ಮೀಟರು ಉರುಳಿದರೆ ಮುಂದಿನದು 19.9 ಮೀಟರು ಉರುಳಬೇಕು. ಒಂದೇ ತಿರುವಿನಲ್ಲಿ ಒಂದು ಮೀಟರಿನ ವ್ಯತ್ಯಾಸ! ಚಕ್ರದ ಸುತ್ತಳತೆ ಸುಮಾರು 2.2 ಮೀಟರು ಇರುವುದರಿಂದ ಇದು ಹತ್ತಿರಹತ್ತಿರ ಅರ್ಧ ಸುತ್ತು. ಶಾಫ್ಟು ಚಕ್ರಕ್ಕಿಂತ 4.88 ಪಟ್ಟು ಬೇಗ ತಿರುಗುವುದರಿಂದ ಅಲ್ಲಿ ಎರಡು ಸುತ್ತಿಗೂ ಮಿಕ್ಕಿದ ವ್ಯತ್ಯಾಸ ಬೀಳುತ್ತದೆ.

ಕೆಸರಿನಲ್ಲಿ, ಮರಳಿನಲ್ಲಿ, ಉರುಟುಕಲ್ಲಿನ ದಾರಿಯಲ್ಲಿ ಈ ವ್ಯತ್ಯಾಸದಿಂದ ಬಾಧಕವಿಲ್ಲ. ಟಯರು ಸ್ವಲ್ಪ ಜಾರಿ ಬಾಕಿಯನ್ನು ತೀರಿಸಿಬಿಡುತ್ತದೆ. ಒಣಗಿದ ಡಾಂಬರಿನ ಮೇಲೆ ಟಯರು ಸುಲಭವಾಗಿ ಜಾರುವುದಿಲ್ಲ. ಮುಂದಿನ ಚಕ್ರವನ್ನು ನೆಲವು ಬೇಗ ತಿರುಗೆಂದು ಎಳೆಯುತ್ತದೆ, ಶಾಫ್ಟು ಬೇಡವೆಂದು ಹಿಡಿಯುತ್ತದೆ. ಆಗ ಮುಂದಿನ ಅಚ್ಚು ಬ್ರೇಕಿನಂತೆ ವರ್ತಿಸತೊಡಗಿ, ನೆಲದಿಂದ ಪಡೆದ ತಿರುಚುಬಲವನ್ನು ತನ್ನ ಶಾಫ್ಟಿನ ಮೂಲಕ ಟ್ರಾನ್ಸ್‌ಫರ್ ಕೇಸಿಗೂ ಅಲ್ಲಿಂದ ಹಿಂದಿನ ಶಾಫ್ಟಿಗೂ ಸಾಗಿಸುತ್ತದೆ. ಹಿಂದಿನ ಶಾಫ್ಟು ಎಂಜಿನ್ನು ಕೊಟ್ಟದ್ದರ ಜೊತೆಗೆ ಇದನ್ನೂ ಹೊರಬೇಕು. ವಾಹನವನ್ನು ಒಂದಿಂಚೂ ಮುಂದಕ್ಕೆ ತಳ್ಳದ ಈ ಬಲವು ಯಂತ್ರದೊಳಗೇ ಸುತ್ತುತ್ತಿರುತ್ತದೆ. ಇದಕ್ಕೆ ಮೇರೆಯೆಂದರೆ ನೆಲಕ್ಕೂ ಟಯರಿಗೂ ಇರುವ ಹಿಡಿತವೊಂದೇ. ಆ ಹಿಡಿತ ಸಡಿಲುವ ಮೊದಲೇ ಯಾವ ಕೊಂಡಿ ದುರ್ಬಲವೋ ಅದು ಮುರಿಯುತ್ತದೆ: ಒಂದು ಜೀಪಿನಲ್ಲಿ ಜಾಯಿಂಟು, ಇನ್ನೊಂದರಲ್ಲಿ ಪಿನಿಯನ್ನಿನ ಹಲ್ಲು.

ಕೊಡಗಿನ ಮಾಂದಲಪಟ್ಟಿಯ ಏರನ್ನು ಜೀಪಿನಲ್ಲಿ ಹತ್ತಿದವರಿಗೆ ಅಲ್ಲಿ ನಾಲ್ಕು ಚಕ್ರಗಳ ಬಲ ಎಷ್ಟು ಬೇಕೆಂಬುದು ಗೊತ್ತು. ಇಳಿದು ಡಾಂಬರಿಗೆ ಬಂದ ಮೇಲೆ ಸನ್ನೆಯನ್ನು ಹಿಂದಕ್ಕೆ ತಳ್ಳುವುದನ್ನು ಮರೆತರೆ, ಹೊರಡುವಾಗ ಇದ್ದ ಅನುಕೂಲವೇ ಮರಳುವಾಗ ಹಾನಿಯಾಗುತ್ತದೆ. ಲಕ್ಷಣಗಳು ಬೇಗನೆ ಕಾಣಿಸಿಕೊಳ್ಳುತ್ತವೆ. ತಿರುವಿನಲ್ಲಿ ಸ್ಟೀರಿಂಗು ಬಿಗಿಯಾಗುತ್ತದೆ. ಆಕ್ಸಲರೇಟರನ್ನು ಬಿಟ್ಟರೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ವಾಹನ ನಿಲ್ಲುತ್ತದೆ. ಸನ್ನೆಯನ್ನು ಹಿಂದೆಗೆಯಲು ಹೋದರೆ ಅದು ಅಲ್ಲಾಡುವುದಿಲ್ಲ. ಬಲದಿಂದ ಎಳೆಯುವುದಕ್ಕೆ ಬದಲಾಗಿ ಜೀಪನ್ನು ನಾಲ್ಕಾರು ಮಾರು ನೆಟ್ಟಗೆ ಹಿಮ್ಮುಖವಾಗಿ ನಡೆಸಿದರೆ ತಿರುಚು ಬಿಚ್ಚಿಕೊಂಡು ಸನ್ನೆಯು ಸಲೀಸಾಗಿ ಹೊರಬರುತ್ತದೆ. ಹಾಗೆ ಬಂದಿತೆಂದರೆ ರೋಗವೂ ತಿಳಿದಂತಾಯಿತು. ತಿರುಚುಗೊಂಡ ಜೀಪಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತುವವರು ಮಾತ್ರ ಎಚ್ಚರದಿಂದಿರಬೇಕು. ನೆಲ ಬಿಟ್ಟೊಡನೆ ಅದು ಫಕ್ಕನೆ ತಿರುಗಿ ಕೈಗೆ ಬಡಿದೀತು.

ಡ್ರೈವರು ಸನ್ನೆಯ ವಿಷಯದಲ್ಲಿ ಜಾಗರೂಕನಾಗಿದ್ದೂ ಮುರಿತ ನಿಲ್ಲದಿದ್ದರೆ ಟಯರುಗಳನ್ನು ನೋಡತಕ್ಕದ್ದು. ಮಿತವ್ಯಯದ ದೃಷ್ಟಿಯಿಂದ ಹಿಂದಕ್ಕೆ ಹೊಸ ಟಯರುಗಳನ್ನು ಹಾಕಿಸಿ, ಸವೆದವನ್ನು ಮುಂದೆಯೇ ಉಳಿಸಿಕೊಳ್ಳುವುದು ವಾಡಿಕೆ. ಹಿಂದಿನ ಚಕ್ರದ ಸುತ್ತಳತೆ 220 ಸೆಂಟಿಮೀಟರು, ಮುಂದಿನದು 216 ಆಗಿದ್ದರೆ ಒಂದು ಕಿಲೋಮೀಟರಿನಲ್ಲಿ ಹಿಂದಿನದು ಸುಮಾರು 455 ಸುತ್ತು, ಮುಂದಿನದು 463 ಸುತ್ತು ತಿರುಗಬೇಕಾಗುತ್ತದೆ. ನೆಟ್ಟನೆಯ ದಾರಿಯಲ್ಲಿ ಕೂಡ ಶಾಫ್ಟಿನಲ್ಲಿ ನಲವತ್ತು ಸುತ್ತಿನ ಜಗಳ! ಅಳೆಯುವುದಕ್ಕೆ ಉಪಕರಣವೇನೂ ಬೇಡ. ಚಕ್ರಕ್ಕೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಜೀಪನ್ನು ನೆಟ್ಟಗೆ ಹತ್ತು ಸುತ್ತು ತಳ್ಳಿ, ಸಾಗಿದ ದೂರವನ್ನು ಅಳತೆಪಟ್ಟಿಯಿಂದ ಅಳೆದರೆ ಸಾಕು. ಗಾಳಿಯ ಒತ್ತಡವನ್ನು ಮೊದಲೇ ಸರಿಪಡಿಸಿಕೊಂಡಿರಬೇಕು.

ಇದಕ್ಕೂ ಗುಪ್ತವಾದ ಕಾರಣವೊಂದುಂಟು. ಹಳೆಯ ಜೀಪುಗಳು ಹಲವು ಕೈ ದಾಟಿ ಬಂದಿರುತ್ತವೆ; ಒಂದರ ಅಚ್ಚು ಇನ್ನೊಂದಕ್ಕೆ ಏರಿರುತ್ತದೆ. ಯುದ್ಧದ ಜೀಪಿನಲ್ಲಿ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8. ಅನಂತರ ಬಂದ ಜನಸಾಮಾನ್ಯರ ಜೀಪುಗಳಲ್ಲಿ ಬಹಳಷ್ಟಕ್ಕೆ 43 ಮತ್ತು 8. ಹಿಂದೆ ಒಂದು ಬಗೆ, ಮುಂದೆ ಇನ್ನೊಂದು ಬಗೆ ಸೇರಿಕೊಂಡರೆ ಕಿಲೋಮೀಟರಿಗೆ ಇನ್ನೂರಕ್ಕೂ ಮಿಕ್ಕಿದ ಸುತ್ತುಗಳ ಅಂತರ ಬೀಳುತ್ತದೆ. ಎಂತಹ ಒಳ್ಳೆಯ ಜಾಯಿಂಟು ತಾನೇ ಇದನ್ನು ತಾಳೀತು? ಪರೀಕ್ಷೆ ಹೀಗೆ: ಫೋರ್ ವೀಲ್ ಬಿಡಿಸಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಕೈಬ್ರೇಕನ್ನು ಸಡಿಲಿಸಿ, ಆ ಅಚ್ಚಿನ ಒಂದೇ ಚಕ್ರವನ್ನು ಎತ್ತಿ ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಜೊತೆಯ ಚಕ್ರ ನಿಂತಿರುವುದರಿಂದ ಈ ಎರಡು ಸುತ್ತಿಗೆ ಕ್ರೌನು ಒಂದೇ ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಶಾಫ್ಟು ಐದು ಸುತ್ತಿಗೆ ಸ್ವಲ್ಪ ಕಡಮೆ ತಿರುಗಿದರೆ ಮೊದಲ ಬಗೆ. ಐದು ದಾಟಿ ಇನ್ನೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತಿರುಗಿದರೆ ಎರಡನೆಯ ಬಗೆ. ಎರಡು ಅಚ್ಚುಗಳಲ್ಲಿಯೂ ಎಣಿಸಿ ಹೋಲಿಸಬೇಕು. ಕಾಲು ಗಂಟೆಯ ಈ ಕೆಲಸವನ್ನು ಮಾಡದೆಯೇ ವರ್ಷಗಟ್ಟಲೆ ಜಾಯಿಂಟುಗಳಿಗೆ ಹಣ ಸುರಿಯುವುದು ಸಾಧ್ಯ.

ಜೀಪಿನ ಈ ಕೊರತೆಯನ್ನು ಕಾರುಗಳಲ್ಲಿ ನೀಗಿಸುವ ಯತ್ನ ನಡೆಯದೆ ಇಲ್ಲ. 1966ರ ಜೆನ್ಸನ್ ಎಫ್‌ಎಫ್, 1970ರ ರೇಂಜ್ ರೋವರ್, 1980ರ ಆಡಿ ಕ್ವಾಟ್ರೋ ಇವುಗಳಲ್ಲಿ ಎರಡು ಅಚ್ಚುಗಳ ನಡುವೆಯೂ ಮೂರನೆಯ ಡಿಫರೆನ್ಷಿಯಲನ್ನು ಇರಿಸಿದರು. ಇನ್ನು ಕೆಲವು ಕಾರುಗಳಲ್ಲಿ ಸಿಲಿಕೋನ್ ದ್ರವ ತುಂಬಿದ ಡಬ್ಬಿಯೊಂದಿದೆ. ಅದರೊಳಗೆ ತೆಳುವಾದ ಬಿಲ್ಲೆಗಳು ಸರದಿಯಂತೆ ಒಂದು ಮುಂದಿನ ಶಾಫ್ಟಿಗೆ, ಒಂದು ಹಿಂದಿನದಕ್ಕೆ ಸೇರಿರುತ್ತವೆ. ವೇಗದ ಅಂತರ ಅಲ್ಪವಾಗಿದ್ದರೆ ದ್ರವವು ಬಿಲ್ಲೆಗಳನ್ನು ಬಿಡುತ್ತದೆ, ಹೆಚ್ಚಾದರೆ ಹಿಡಿಯುತ್ತದೆ. ಆದರೆ ಸುತ್ತಳತೆ ಹೊಂದದ ಟಯರುಗಳನ್ನು ಹಾಕಿದರೆ ಡಬ್ಬಿಗೆ ಬಿಡುವೆಂಬುದೇ ಇಲ್ಲ; ಕಾದು ಕಾದು ಕೊನೆಗೆ ಬಿಗಿದುಕೊಳ್ಳುತ್ತದೆ. ಅಲ್ಲಿಗೆ ಕಾರು ಮತ್ತೆ ಜೀಪಾಯಿತು! ಖಾಲಿ ಮೈದಾನದ ಗಟ್ಟಿ ನೆಲದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಮೆಲ್ಲಗೆ ಸುತ್ತು ಹಾಕಿದಾಗ ಕಾರು ತಡೆತಡೆದು ಕುಪ್ಪಳಿಸಿದರೆ, ಗೇರುಪೆಟ್ಟಿಗೆಯನ್ನು ಬಿಚ್ಚುವ ಮೊದಲು ಈ ಡಬ್ಬಿಯನ್ನೂ ನಾಲ್ಕು ಟಯರುಗಳನ್ನೂ ಸಂಶಯಿಸಬೇಕು.

ಚಕ್ರಗಳಲ್ಲಿ ಒಮ್ಮತವಿದ್ದೂ ಜಾಯಿಂಟು ಉಳಿಯದಿದ್ದರೆ ಅದರ ಕೋನವನ್ನು ಗಮನಿಸಬೇಕು. ಜಾಯಿಂಟಿನ ನಡುವಣ ಶಿಲುಬೆಯಾಕಾರದ ತುಂಡು ಎರಡು ಕವಲುಗಳನ್ನು ಸೇರಿಸುತ್ತದೆ. ಶಾಫ್ಟು ಓರೆಯಾಗಿದ್ದರೆ, ಒಂದು ಕಡೆ ಸಮವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿ ಇಳಿಯುತ್ತದೆ. ಓರೆ 10 ಡಿಗ್ರಿಯಿದ್ದರೆ ಏರಿಳಿತವು ಅತ್ತಿತ್ತ ಶೇಕಡ ಒಂದೂವರೆ. 20 ಡಿಗ್ರಿಯಾದರೆ ಶೇಕಡ ಆರು. ಕೋನ ಇಮ್ಮಡಿಯಾದರೆ ಕೇಡು ನಾಲ್ಮಡಿ. ಶಾಫ್ಟಿನ ಎರಡು ತುದಿಗಳಲ್ಲಿಯೂ ಜಾಯಿಂಟಿರುವುದು ಒಂದರ ಏರಿಳಿತವನ್ನು ಇನ್ನೊಂದು ಅಳಿಸಲೆಂದೇ. ಅದಕ್ಕೆ ಎರಡು ಕೋನಗಳೂ ಸಮನಾಗಿರಬೇಕು, ಶಾಫ್ಟಿನ ಎರಡು ತುದಿಯ ಕವಲುಗಳೂ ಒಂದೇ ನೇರದಲ್ಲಿರಬೇಕು. ಹೆಚ್ಚು ಹೇರಿನ ಆಸೆಯಿಂದ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದಾಗ ಮೊದಲನೆಯ ನಿಯಮ ಮುರಿಯುತ್ತದೆ. ಶಾಫ್ಟನ್ನು ಬಿಚ್ಚಿ, ಅದರ ಜಾರುವ ಭಾಗದ ಮೇಲೆ ಕೊರೆದ ಬಾಣದ ಗುರುತುಗಳನ್ನು ನೋಡದೆ ಜೋಡಿಸಿದಾಗ ಎರಡನೆಯದು. ಹೊಸ ಜಾಯಿಂಟು ಹಾಕುವಾಗಲೇ ಈ ತಪ್ಪು ನಡೆಯುವುದರಿಂದ ಚಿಕಿತ್ಸೆಯೇ ಮುಂದಿನ ರೋಗಕ್ಕೆ ಬೀಜವಾಗುತ್ತದೆ.

ಇದನ್ನು ಕಿವಿಯಿಂದಲೂ ಪತ್ತೆಹಚ್ಚಬಹುದು. ಗಂಟೆಗೆ 60 ಕಿಲೋಮೀಟರಿನಲ್ಲಿ ಚಕ್ರವು ಸೆಕೆಂಡಿಗೆ ಏಳೆಂಟು ಸುತ್ತು ತಿರುಗುತ್ತದೆ. ಚಕ್ರದ ದೋಷ ಮೈ ಕುಲುಕುವ ನಡುಕವಾಗಿ ತಿಳಿಯುತ್ತದೆ. ಶಾಫ್ಟು ಸುಮಾರು 37 ಸುತ್ತು ತಿರುಗುವುದರಿಂದ ಅದರದು ಗುಂಯ್‌ಗುಡುವ ಧ್ವನಿ. ಕೋನದ ದೋಷ ಇದಕ್ಕೂ ಇಮ್ಮಡಿ. ಅದೇ ವೇಗದಲ್ಲಿ ಗೇರು ಬದಲಿಸಿದರೂ ಧ್ವನಿ ಬದಲಾಗದಿದ್ದರೆ ಎಂಜಿನ್ನು ನಿರಪರಾಧಿ.

ಅಚ್ಚಿನ ಆಯಿಲ್ ಸೀಲಿನ ಕಥೆಯೂ ಇಂಥದ್ದೇ. ಎಷ್ಟು ಸಲ ಬದಲಿಸಿದರೂ ಎಣ್ಣೆ ಸೋರುವುದಾದರೆ ಅಚ್ಚಿನ ಮೇಲಿರುವ ಉಸಿರುಕಿಂಡಿ ಕೆಸರಿನಿಂದ ಮುಚ್ಚಿದೆಯೇ ನೋಡಬೇಕು. ಒಳಗಿನ ಗಾಳಿ 25 ಡಿಗ್ರಿಯಿಂದ 85 ಡಿಗ್ರಿಗೆ ಕಾದರೆ ಅದರ ಒತ್ತಡ ಐದನೆಯ ಒಂದು ಪಾಲು ಹೆಚ್ಚುತ್ತದೆ. ಹೊರದಾರಿಯಿಲ್ಲದ ಗಾಳಿ ಎಣ್ಣೆಯನ್ನು ಸೀಲಿನೆಡೆಯಿಂದ ತಳ್ಳುತ್ತದೆ. ಕಾದ ಅಚ್ಚು ಹೊಳೆಯಲ್ಲಿ ಇಳಿದೊಡನೆ ಗಾಳಿ ಕುಗ್ಗಿ ಅದೇ ಸೀಲಿನ ಮೂಲಕ ನೀರನ್ನು ಹೀರುತ್ತದೆ. ಮಜ್ಜಿಗೆಯಂತೆ ಬಿಳುಪೇರಿದ ಎಣ್ಣೆ ಇದಕ್ಕೆ ಸಾಕ್ಷಿ.

ಪರೀಕ್ಷೆಗೆ ಕೈಹಾಕುವವರಿಗೆ ಇನ್ನೊಂದು ಮಾತು. ಯುದ್ಧದ ಜೀಪಿನಲ್ಲಿಯೂ ಅದರ ಮಾದರಿಯ ಹಲವು ಜೀಪುಗಳಲ್ಲಿಯೂ ಕೈಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನಿಂದ ಹಿಂದಕ್ಕೆ ಹೊರಡುವ ಶಾಫ್ಟಿನ ಮೂಲವನ್ನು. ಹಿಂದಿನ ಶಾಫ್ಟು ಇಳಿಜಾರಿನಲ್ಲಿ ಮುರಿದರೆ, ಅಥವಾ ಅದನ್ನು ನಾವೇ ಬಿಚ್ಚಿದರೆ, ಕೈಬ್ರೇಕು ಬಿಗಿಯಾಗಿಯೇ ಇರುತ್ತದೆ. ಹಿಂದಿನ ಚಕ್ರಗಳಿಗೆ ಮಾತ್ರ ಅದರ ಹಿಡಿತ ತಲಪುವುದಿಲ್ಲ. ಗೇರಿನಲ್ಲಿ ನಿಲ್ಲಿಸಿದ್ದರೂ ಅಷ್ಟೆ. ಆದುದರಿಂದ ಜೀಪಿನ ಕೆಳಗೆ ನುಸುಳುವ ಮೊದಲು ಸಮನೆಲವನ್ನು ಹುಡುಕಿ ನಾಲ್ಕು ಚಕ್ರಗಳಿಗೂ ಹಿಂದೆ ಮುಂದೆ ಕಲ್ಲು ಕೊಟ್ಟಿರಬೇಕು.