ಎಸರಿಗೆ ಮುಂಚೆ ಒಂದು ಹಿಡಿ

ಒಲೆಯ ಮೇಲೆ ಎಸರು ಕುದಿಯುತ್ತಿದೆ. ಮನೆಯೊಡತಿ ಅಕ್ಕಿ ಅಳೆದು ತೊಳೆಯುವ ಮುನ್ನ ಅದರಿಂದ ಒಂದು ಹಿಡಿ ತೆಗೆದು, ಪಕ್ಕದ ಡಬ್ಬಿಗೆ ಹಾಕುತ್ತಾಳೆ. ಸಂಜೆಯ ಅಡುಗೆಗೂ ಇದೇ ಕ್ರಮ. ಆ ಡಬ್ಬಿಯ ಅಕ್ಕಿ ಮನೆಯದಲ್ಲ, ಚರ್ಚಿನದು.

ಈಶಾನ್ಯ ಭಾರತದ ಮಿಜೋರಾಂನಲ್ಲಿ ಇದಕ್ಕೆ ‘ಬುಹ್‌ಫಾಯ್ ಥಾಮ್’ ಎಂದು ಹೆಸರು. ಹಿಡಿ ಅಕ್ಕಿ ಎಂದಷ್ಟೇ ಅರ್ಥ. 1910ರಲ್ಲಿ ಆರಂಭವಾದ ಈ ಪದ್ಧತಿ ಶತಮಾನ ದಾಟಿಯೂ ನಡೆದುಬಂದಿದೆ. ಮಹಿಳೆಯರು ಮನೆಮನೆಯಿಂದ ಅಕ್ಕಿ ಕೂಡಿಸುತ್ತಾರೆ. ಅದನ್ನು ಮಾರಿ ಬಂದ ಹಣ ಚರ್ಚಿನ ಸೇವಾಕಾರ್ಯಗಳಿಗೆ ಸಲ್ಲುತ್ತದೆ.

ಒಂದು ಹಿಡಿಯಿಂದ ಏನಾದೀತು ಎನ್ನುವ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ನೋಡಬಹುದು. ಹಿಡಿಗೆ 50 ಗ್ರಾಂ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಊಟವೆಂದರೆ 100 ಗ್ರಾಂ, ವರ್ಷಕ್ಕೆ ಮೂವತ್ತಾರೂವರೆ ಕಿಲೋ. ನೂರು ಮನೆಗಳ ಒಂದು ಕೇರಿಯಿಂದ ಮೂವತ್ತಾರೂವರೆ ಕ್ವಿಂಟಲ್! ಇಷ್ಟಾದರೂ ಯಾವ ಮನೆಯವರೂ ಅರೆಹೊಟ್ಟೆಯಲ್ಲಿ ಏಳಬೇಕಾಗಿಲ್ಲ.

ಆದರೆ ಅರೆಹೊಟ್ಟೆಯ ಕಾಲವೂ ಬಂದಿತ್ತು. ಮಿಜೋ ಬೆಟ್ಟಗಳಲ್ಲಿ ಸುಮಾರು ಐವತ್ತು ವರ್ಷಕ್ಕೊಮ್ಮೆ ಬಿದಿರು ಹೂ ಬಿಡುತ್ತದೆ. ಬಿದಿರಕ್ಕಿ ತಿಂದು ಇಲಿಗಳು ಮಿತಿಮೀರಿ ಹೆಚ್ಚುತ್ತವೆ. ಅದು ಮುಗಿದ ಮೇಲೆ ಗದ್ದೆ, ಕಣಜಗಳಿಗೆ ನುಗ್ಗುತ್ತವೆ. ‘ಮೌತಾಮ್’ ಎಂಬ ಈ ಕ್ಷಾಮ ಬಂದದ್ದು 1911-12ರಲ್ಲಿ, ಅಂದರೆ ಹಿಡಿ ಅಕ್ಕಿ ಎತ್ತಿಡಲು ತೊಡಗಿದ ಮರುವರ್ಷವೇ. ಅದನ್ನು ದಾಟಿ ಪದ್ಧತಿ ಉಳಿಯಿತು. 1959ರ ಕ್ಷಾಮದ ನಂತರವೂ ಉಳಿಯಿತು.

ಇದರ ಬೆಲೆ ತಿಳಿದದ್ದು ಮುಂದಿನ ದಶಕದಲ್ಲಿ. 1966ರಲ್ಲಿ ಅಲ್ಲಿ ಬಂಡಾಯ ಎದ್ದಿತು. ದಶಕ ಮುಗಿಯುವ ಹೊತ್ತಿಗೆ ವಿದೇಶಿ ಮಿಷನರಿಗಳು ಬೆಟ್ಟ ಇಳಿದು ಹೋಗಿದ್ದರು. ಹೊರಗಿನ ಹಣವನ್ನೇ ನೆಚ್ಚಿಕೊಂಡ ಸಂಸ್ಥೆಯಾಗಿದ್ದರೆ ಬಾಗಿಲಿಗೆ ಬೀಗ ಬೀಳುತ್ತಿತ್ತು. ಹಾಗಾಗಲಿಲ್ಲ. ಮುಂದೆ ಮಿಜೋ ಪ್ರೆಸ್ಬಿಟೇರಿಯನ್ ಚರ್ಚು ದೇಶದ ಬೇರೆ ರಾಜ್ಯಗಳಿಗೂ ತನ್ನದೇ ಖರ್ಚಿನಲ್ಲಿ ಕಾರ್ಯಕರ್ತರನ್ನು ಕಳಿಸಿತು. ಈಗ ಹಿಡಿ ಅಕ್ಕಿಯ ವರಮಾನ ಕೋಟಿಗಟ್ಟಲೆ ರೂಪಾಯಿ.

ಈ ಏರ್ಪಾಟಿನ ಜಾಣತನ ಎರಡು ಕಡೆ ಇದೆ. ಉಂಡು ಮಿಕ್ಕಿದ್ದನ್ನು ಕೊಡುವುದಲ್ಲ, ಬೇಯಿಸುವ ಮೊದಲೇ ಎತ್ತಿಡುವುದು. ತಿಂಗಳ ಕೊನೆಗೆ ಉಳಿದರೆ ಕೂಡಿಡೋಣ ಎನ್ನುವ ಸಂಸಾರಗಳಲ್ಲಿ ಎಷ್ಟು ಉಳಿಯುತ್ತದೆಂಬುದು ತಾಯಂದಿರಿಗೆ ಗೊತ್ತು. ಇನ್ನೊಂದು, ದುಡ್ಡಿನ ಕೀಲಿಕೈ ಗಂಡಸರ ಬಳಿ ಇದ್ದ ಕಾಲದಲ್ಲಿ ಅಕ್ಕಿಯ ಮಡಕೆ ಹೆಂಗಸರ ಕೈಯಲ್ಲಿತ್ತು. ಯಾರ ಅಪ್ಪಣೆಯನ್ನೂ ಕೇಳದೆ ಅವರು ದಾನಿಗಳಾದರು.

ಗದ್ದೆಯ ಅಕ್ಕಿ ಉಣ್ಣುತ್ತಿದ್ದ ಎಷ್ಟೋ ಮನೆಗಳು ಈಗ ಅಂಗಡಿಯಿಂದ ಕೊಳ್ಳುತ್ತವೆ. ರಾಜ್ಯಕ್ಕೆ ಬೇಕಾದ ಅಕ್ಕಿಯ ಹೆಚ್ಚಿನ ಪಾಲು ಹೊರಗಿನಿಂದಲೇ ಬರಬೇಕು. ಕೊಂಡ ಅಕ್ಕಿಯನ್ನು ಹಿಡಿಹಿಡಿಯಾಗಿ ಕೂಡಿಸಿ ಮತ್ತೆ ಮಾರುವುದಕ್ಕಿಂತ ನೇರವಾಗಿ ಹಣವನ್ನೇ ಕೊಟ್ಟರಾಗದೆ? ಲೆಕ್ಕಿಗರ ಕಣ್ಣಿಗೆ ಇದು ಸುತ್ತುದಾರಿಯೇ ಸರಿ. ಆದರೆ ತಿಂಗಳಿಗೊಮ್ಮೆ ನೋಟು ಕೊಡುವುದನ್ನು ಮಗು ನೋಡುವುದಿಲ್ಲ. ದಿನಕ್ಕೆರಡು ಬಾರಿ ಅಮ್ಮ ಡಬ್ಬಿಗೆ ಅಕ್ಕಿ ಹಾಕುವುದನ್ನು ನೋಡುತ್ತದೆ.

ಒಂದು ಕೊರತೆಯನ್ನೂ ಹೇಳಬೇಕು. ಖಜಾನೆಯನ್ನು ಹಿಡಿಹಿಡಿಯಾಗಿ ತುಂಬಿದವರು ಹೆಂಗಸರಾದರೂ, ಆ ಚರ್ಚಿನಲ್ಲಿ ಪಾದ್ರಿ ದೀಕ್ಷೆ ದಶಕಗಳ ಕಾಲ ಗಂಡಸರಿಗೇ ಮೀಸಲಾಗಿತ್ತು.