ದೊಡ್ಡಮ್ಮನಿಗೆ ಎಷ್ಟು ಎಂಬಿಪಿಎಸ್ ಬೇಕು?

ಹೊಸನಗರದ ಕಡೆಯ ನಮ್ಮ ದೊಡ್ಡಮ್ಮನಿಗೆ ಈಗ ಎಪ್ಪತ್ತಾರು. ಇಂಟರ್ನೆಟ್ಟಿನಿಂದ ಅವರಿಗೆ ಆಗಬೇಕಾದದ್ದು ಮೂರೇ ಕೆಲಸ. ಭಾನುವಾರ ಅರ್ಧ ಗಂಟೆ ಬೆಂಗಳೂರಿನ ಮೊಮ್ಮಗಳ ಮುಖ ನೋಡುವುದು, ವಾಟ್ಸಾಪಿಗೆ ಬಂದ ಮದುವೆ-ಮುಂಜಿಯ ಫೋಟೋ ತೆರೆಯುವುದು, ವಾರಕ್ಕೆ ಎರಡು ಮೂರು ಮಧ್ಯಾಹ್ನ ಯೂಟ್ಯೂಬಿನಲ್ಲಿ ತಾಳಮದ್ದಳೆ ಹಾಕಿಕೊಂಡು ಬತ್ತಿ ಹೊಸೆಯುವುದು. ಇಷ್ಟಕ್ಕೆ ಮಕ್ಕಳು, ಅಳಿಯ ಎಲ್ಲ ಸೇರಿ ನೂರು ಎಂಬಿಪಿಎಸ್ ಫೈಬರ್ ಹಾಕಿಸುವುದೆಂದು ತೀರ್ಮಾನಿಸಿದರು. “ವಯಸ್ಸಾದವರು, ಸ್ಪೀಡ್ ಇದ್ರೆ ಒದ್ದಾಟ ಇರಲ್ಲ” ಎಂಬುದು ಅಳಿಯನ ವಾದ. ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಅಷ್ಟು ಸ್ಪೀಡಲ್ಲಿ ನಾನು ಎಲ್ಲಿಗೆ ಹೋಗೋದಿದೆ ಮಾರಾಯಾ?”

ಪ್ರಶ್ನೆ ಸರಿಯಾಗಿಯೇ ಇತ್ತು. ಫೋನಿನ ವಿಡಿಯೋ ಕಾಲಿಗೆ ಒಂದೆರಡು ಎಂಬಿಪಿಎಸ್ ಸಾಕು. ದೊಡ್ಡ ಟೀವಿಯಲ್ಲಿ ಎಚ್‌ಡಿ ಸಿನಿಮಾ ನೋಡಲು ಐದು ಇದ್ದರೆ ನಡೆಯುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ಬ್ರಾಡ್‌ಬ್ಯಾಂಡ್‌ನ ವ್ಯಾಖ್ಯೆ ಬದಲಿಸಿದಾಗ ಗೊತ್ತುಮಾಡಿದ ಕನಿಷ್ಠ ವೇಗವೇ 2 ಎಂಬಿಪಿಎಸ್. ಅದಕ್ಕೂ ಮುಂಚೆ ಅದು 512 ಕೆಬಿಪಿಎಸ್ ಇತ್ತು. ನೂರು ಎಂಬಿಪಿಎಸ್ ಬೇಕಾಗುವುದು ಒಂದೇ ಮನೆಯಲ್ಲಿ ನಾಲ್ಕೈದು ಜನ ಒಟ್ಟಿಗೆ ಕೂತು ನೋಡುವಾಗ, ಆಡುವಾಗ, ಕೆಲಸ ಮಾಡುವಾಗ. ಒಬ್ಬರೇ ಇರುವ ಮನೆಗೆ ಅದು, ಒಂದು ಲೋಟ ಕಾಫಿಗೆ ಹಂಡೆ ನೀರು ಕಾಯಿಸಿದ ಹಾಗೆ.

ಹಾಗಾದರೆ ಅವರ ವಿಡಿಯೋ ಯಾಕೆ ನಿಂತು ನಿಂತು ಬರುತ್ತಿತ್ತು? ಹಿರಿಯರ ಫೋನು ನಿಧಾನವಾದರೆ ನಾವೆಲ್ಲ ಮೊದಲು ಬೈಯುವುದು ನೆಟ್ಟನ್ನು. ನೋಡಿದರೆ ಫೋನಿನ ಹೊಟ್ಟೆ ತುಂಬಿತ್ತು. ಮೂರು ವರ್ಷದ ಶುಭೋದಯ, ಸಂಕಷ್ಟಿ ಶುಭಾಶಯ, ಗುಲಾಬಿ ಹೂ, ಸೂರ್ಯೋದಯ. ವಾಟ್ಸಾಪ್ ಇವನ್ನೆಲ್ಲ ತಾನಾಗಿಯೇ ಇಳಿಸಿಕೊಂಡು ಕೂತಿತ್ತು. ತಾನಾಗಿ ಇಳಿಸುವ ಸೆಟ್ಟಿಂಗ್ ಆಫ್ ಮಾಡಿ, ಎರಡು ತಾಸು ಕೂತು ಅಳಿಸಿದ ಮೇಲೆ ಫೋನು ಉಸಿರಾಡಿತು. (ದೇವರ ಫೋಟೋಗಳನ್ನು ಅಳಿಸಲು ಬಿಡಲಿಲ್ಲ, ಅದು ಬೇರೆ ಮಾತು.)

ಇನ್ನೊಂದು ನಂಬಿಕೆ ರೀಚಾರ್ಜ್ ಅಂಗಡಿಯದ್ದು: “ದಿನಕ್ಕೆ ಒಂದೂವರೆ ಜಿಬಿ ಇರಲೇಬೇಕು, ಇಲ್ಲದಿದ್ರೆ ಸಾಲಲ್ಲ.” ಬೇಕೋ ಬೇಡವೋ ಎಂದು ಊಹಿಸುವ ಅಗತ್ಯವೇ ಇಲ್ಲ. ಫೋನಿನ ಸೆಟ್ಟಿಂಗ್ಸಿನಲ್ಲಿ ಡೇಟಾ ಯೂಸೇಜ್ ತೆರೆದರೆ ತಿಂಗಳಿಗೆ ಎಷ್ಟು ಖರ್ಚಾಯಿತೆಂದು ಅದೇ ಹೇಳುತ್ತದೆ. ದೊಡ್ಡಮ್ಮನದು ಹತ್ತಿರ ಹತ್ತಿರ ಏಳು ಜಿಬಿ. ಅವರು ಹಾಕಿಸುತ್ತಿದ್ದ ಪ್ಲಾನು 28 ದಿನಕ್ಕೆ 42 ಜಿಬಿ. ಉಳಿದ 35 ಜಿಬಿ ಮರುದಿನಕ್ಕೂ ಬರುವುದಿಲ್ಲ, ಮರುತಿಂಗಳಿಗೂ ಬರುವುದಿಲ್ಲ. ಮಧ್ಯರಾತ್ರಿ ಹನ್ನೆರಡಕ್ಕೆ ಆ ದಿನದ ಪಾಲು ಮುಗಿದ ಲೆಕ್ಕ.

ಆ ಏಳು ಜಿಬಿಯಲ್ಲೂ ಬಹುಪಾಲು ತಿಂದಿದ್ದು ತಾಳಮದ್ದಳೆ. 480ಪಿ ಗುಣಮಟ್ಟದಲ್ಲಿ ಯೂಟ್ಯೂಬ್ ಗಂಟೆಗೆ ಹೆಚ್ಚುಕಡಿಮೆ ಅರ್ಧ ಜಿಬಿ ಎಳೆಯುತ್ತದೆ, 144ಪಿಯಲ್ಲಿ ಅದು ನೂರು ಎಂಬಿಯ ಒಳಗೆ ಮುಗಿಯುತ್ತದೆ. ಚಿತ್ರ ಮಸುಕಾಗುತ್ತದೆ, ನಿಜ. ಆದರೆ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಕೂತವರು ಮಾತಾಡುತ್ತಾರೆ. ಕರ್ಣನ ಅರ್ಥ ಕೇಳುವವರಿಗೆ ಅರ್ಥಧಾರಿಯ ಅಂಗಿಯ ಗುಂಡಿ ಕಾಣದಿದ್ದರೆ ಏನು ನಷ್ಟ? ಬಯಲಾಟ ನೋಡುವ ದಿನ ಮಾತ್ರ ಗುಣಮಟ್ಟ ಏರಿಸಿಕೊಳ್ಳುವುದನ್ನು ತೋರಿಸಿಕೊಟ್ಟೆ. ಮುಂದಿನ ತಿಂಗಳ ಲೆಕ್ಕ ಎರಡೂವರೆ ಜಿಬಿಗೆ ಬಂತು. ಇಂಥವರಿಗೆಂದೇ ದಿನದ ಲೆಕ್ಕವಿಲ್ಲದೆ ಇಡೀ ಅವಧಿಗೆ ಒಟ್ಟಾಗಿ ಇಷ್ಟು ಜಿಬಿ ಕೊಡುವ ಪ್ಲಾನುಗಳಿವೆ. ಅಂಗಡಿಯವರು ಅವನ್ನು ತಾವಾಗಿ ಹೇಳುವುದು ಕಡಿಮೆ, ಕೇಳಿ ಪಡೆಯಬೇಕು.

ತಿಂಗಳ ಪ್ಲಾನ್ ಎಂದರೆ ತಿಂಗಳಿಗೊಂದು ಎಂದುಕೊಂಡವರೂ ಒಮ್ಮೆ ಕ್ಯಾಲೆಂಡರ್ ನೋಡಲಿ. 28 ದಿನದ ಪ್ಲಾನಾದರೆ ವರ್ಷಕ್ಕೆ ಹದಿಮೂರು ಸಲ ರೀಚಾರ್ಜ್. ಪಂಚಾಂಗದ ಅಧಿಕಮಾಸ ಸುಮಾರು ಮೂರು ವರ್ಷಕ್ಕೊಮ್ಮೆ, ಫೋನಿನದು ಪ್ರತಿ ವರ್ಷ. 30 ದಿನದ ಒಂದು, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಇನ್ನೊಂದು ಪ್ಲಾನನ್ನಾದರೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲೇ ಕಂಪನಿಗಳಿಗೆ ಹೇಳಿದೆ. ಹಾಗೆಯೇ ಫೈಬರಿನ ಜಾಹೀರಾತಿನಲ್ಲಿ 399 ಎಂದಿದ್ದರೆ ಕೈಯಿಂದ ಹೋಗುವುದು 471 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ. ಮೊಬೈಲ್ ಪ್ರೀಪೇಯ್ಡ್ ಬೆಲೆಯಲ್ಲಿ ತೆರಿಗೆ ಮೊದಲೇ ಸೇರಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವಾಗ ಇದು ಮರೆತುಹೋಗುತ್ತದೆ.

“ಫೈಬರ್ ಜೊತೆ ಲ್ಯಾಂಡ್‌ಲೈನ್ ಬರುತ್ತೆ, ಕರೆಂಟ್ ಹೋದ್ರೂ ಮಾತಾಡಬಹುದು” ಎಂದ ಅಳಿಯನನ್ನು ನಾನು ತಡೆದದ್ದು ಇಲ್ಲಿ. ಹಳೆಯ ಲ್ಯಾಂಡ್‌ಲೈನ್ ನಡೆಯುತ್ತಿದ್ದದ್ದು ತಾಮ್ರದ ತಂತಿಯಲ್ಲಿ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಂತಿಯಲ್ಲಿ ಮನೆಗೆ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ರಿಂಗ್ ಆಗುತ್ತಿತ್ತು. ಫೈಬರ್ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತದೆ, ಕರೆಂಟು ಹರಿಯುವುದಿಲ್ಲ. ಮನೆಯಲ್ಲಿ ಕರೆಂಟು ಹೋದರೆ ರೌಟರಿನ ಡಬ್ಬಿ ಆರುತ್ತದೆ, ಅದರ ಜೊತೆ ಫೋನೂ. ಆಷಾಢದ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಇದು ಸಣ್ಣ ಮಾತಲ್ಲ. ರೌಟರಿಗೆಂದೇ ಮಾಡಿದ ಪುಟ್ಟ ಯುಪಿಎಸ್ ಸಿಗುತ್ತದೆ, ಅದು ಎಳೆಯುವುದು ಕೆಲವು ತಾಸು ಮಾತ್ರ. ಹಾಗೆಂದು ಫೈಬರ್ ಯಾರಿಗೂ ಬೇಡ ಎನ್ನುತ್ತಿಲ್ಲ. ಮೊಬೈಲ್ ಸಿಗ್ನಲ್ಲೇ ಇಲ್ಲದ ಮನೆಗೆ ಅದೇ ದಾರಿ. ಫೋನಿನಲ್ಲಿ ವೈಫೈ ಕಾಲಿಂಗ್ ಸೌಲಭ್ಯವಿದ್ದರೆ ಮಾಮೂಲಿ ಕರೆಗಳೂ ಅದರಲ್ಲೇ ಬರುತ್ತವೆ. ವೈಫೈ ಹಾಕಿಸಿದ ಮೇಲೂ ಸಿಮ್ಮಿಗೆ ಡೇಟಾ ಪ್ಲಾನ್ ಹಾಕಿಸುತ್ತಾ ಹೋಗುವುದು ಮಾತ್ರ ದಂಡ. ಬರೀ ಕರೆ, ಎಸ್ಸೆಮ್ಮೆಸ್ಸಿನ ವೋಚರ್ ಒಂದನ್ನಾದರೂ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅಂಥ ವೋಚರಿಗೆ 365 ದಿನದವರೆಗೂ ಅವಧಿ ಇರಬಹುದು.

ನಮ್ಮ ಪುಣ್ಯಕ್ಕೆ ದೊಡ್ಡಮ್ಮನ ಮನೆಯಲ್ಲಿ ಸಿಗ್ನಲ್ ಇತ್ತು. ಎಲ್ಲಿ ಎಂಬುದೇ ಪ್ರಶ್ನೆ. ಬೇರೆ ಬೇರೆ ಕಂಪನಿಯ ಮೂರು ಫೋನು ಹಿಡಿದು ಜಗಲಿ, ನಡುಮನೆ, ಅಡುಗೆಮನೆ, ಹಿತ್ತಿಲು ಎಲ್ಲ ಸುತ್ತಿದೆವು. ಅವರ ಸಿಮ್ಮು ಜಗಲಿಯ ತೆಂಕಣ ಮೂಲೆ ಬಿಟ್ಟರೆ ಎಲ್ಲೂ ಎದ್ದೇಳದು. ಪಕ್ಕದ ಮನೆಯವರ ಸಿಮ್ಮು ನಡುಮನೆಯ ಮಂಚದ ಹತ್ತಿರವೂ ಹಿಡಿಯಿತು. ಪ್ಲಾನು ನೋಡುವ ಮೊದಲೇ ಮಾಡಬೇಕಿದ್ದ ಕೆಲಸ ಇದು. ನಾವು ಮಾಡಿದ್ದು ಕೊನೆಗೆ.

ಕಂಪನಿ ಬದಲಿಸೋಣ ಎಂದರೆ ದೊಡ್ಡಮ್ಮ ಒಪ್ಪಲಿಲ್ಲ. “ಬ್ಯಾಂಕು, ಆಧಾರು, ಗ್ಯಾಸು ಎಲ್ಲ ಈ ನಂಬರಿಗೇ ಇರೋದು.” ಕಂಪನಿ ಬದಲಾದರೆ ನಂಬರ್ ಬದಲಾಗುತ್ತದೆಂಬ ಭಯ ಹಿರಿಯರಲ್ಲಿ ಇನ್ನೂ ಇದೆ. 2011ರ ಜನವರಿಯಿಂದ ದೇಶದಲ್ಲೆಲ್ಲ ಮೊಬೈಲ್ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಒಂದು ಕೋಡ್ ಬರುತ್ತದೆ, ಅದನ್ನು ಹೊಸ ಕಂಪನಿಯವರಿಗೆ ಕೊಟ್ಟರಾಯಿತು. ಅದೇ ನಂಬರಿನಲ್ಲಿ ಉದ್ದ ಅವಧಿಯ ಪ್ಲಾನು ಹಾಕಿಸಿ, ಮುಗಿಯುವ ತಾರೀಖನ್ನು ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತುಹಾಕಿ ಬಂದೆ.

ಹೋದ ಭಾನುವಾರ ನಾನೂ ಅಲ್ಲೇ ಇದ್ದೆ. ಮಾತಿನ ನಡುವೆ ಮೊಮ್ಮಗಳ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ದೊಡ್ಡಮ್ಮ ಫೋನನ್ನು ಬಾಯಿಯ ಹತ್ತಿರ ತಂದುಕೊಂಡು ಕೂಗಿದರು: “ನಿಮ್ಮನೇದು ನೂರು ಎಂಬಿಪಿಎಸ್ ಅಲ್ವನೇ? ರೂಮಿಂದ ಹೊರಗೆ ಬಾ, ಅಲ್ಲಿ ಸಿಗ್ನಲ್ ಇಲ್ಲ ಕಾಣ್ತದೆ!”